ಸಿ ಡ್ರೈವ್ ಇಮೇಜ್: ತೆಗೆಯೋದು ಸಲೀಸು, ವಾಪಸ್ ಕೂಡಿಸೋದೇ ಪಜೀತಿ

ಇಮೇಜ್ ಅಂದರೆ ವಿಂಡೋಸ್, ತಂತ್ರಾಂಶ, ಫೈಲು ಸಮೇತ ಇಡೀ ಡಿಸ್ಕನ್ನು ಒಂದೇ ನಕಲಾಗಿ ಎತ್ತಿಡುವುದು. ಅದನ್ನು ಮಾಡುವ ಮೂರು ಸಾಧನಗಳಲ್ಲಿ, ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ರೆಸ್ಕ್ಯೂಝಿಲ್ಲಾಕ್ಕೆ. ಕಿಸೆಯಲ್ಲಿ ಕ್ಲೋನ್‌ಝಿಲ್ಲಾನೂ ಇರಬೇಕು, ಅದು ಯಾಕೆ ಅಂತ ಮುಂದೆ ಬರುತ್ತದೆ. ವಿಂಡೋಸ್ ಜೊತೆಗೇ ಬರುವ ಸಿಸ್ಟಮ್ ಇಮೇಜ್‌ಗೆ ಮಾತ್ರ ದೂರದಿಂದಲೇ ನಮಸ್ಕಾರ.

‘ಫಾರ್ಮ್ಯಾಟ್ ಹೊಡೆದು ಹೊಸ ವಿಂಡೋಸ್ ಹಾಕಿದ್ರಾತು’ ಅನ್ನುವವರು ಗದಗದ ಪ್ರೆಸ್ಸಿನ ಡಿಟಿಪಿ ಕಂಪ್ಯೂಟರ್ ನೋಡಿರುವುದಿಲ್ಲ. 2001ರಲ್ಲಿ ಬಂದ ಪೇಜ್‌ಮೇಕರ್ 7, ಅದಕ್ಕೆ ಹೊಂದಿಕೊಂಡ ನುಡಿಯ ಹಳೇ ಫಾಂಟುಗಳು, ಡ್ರೈವರ್ ಸಿಡಿ ಎಲ್ಲೋ ಕಳೆದುಹೋದ ಪ್ರಿಂಟರ್. ಇವನ್ನೆಲ್ಲ ಮೊದಲಿನಂತೆ ಕೂಡಿಸಲು ಎರಡು ದಿನ ಬೇಕು, ಅಷ್ಟರಲ್ಲಿ ಲಗ್ನಪತ್ರಿಕೆ ಬೇರೆ ಪ್ರೆಸ್ಸಿಗೆ ಹೋಗಿರುತ್ತದೆ. ಮೆಣಸಿನಕಾಯಿ ಸೀಸನ್ನಿನಲ್ಲಿ ಬ್ಯಾಡಗಿಯ ದಲಾಲಿ ಅಂಗಡಿಗೆ ಎರಡು ದಿನವೂ ಇಲ್ಲ, ಎರಡು ತಾಸು ಬಿಲ್ ನಿಂತರೆ ಗದ್ದಲ. ಇಂಥಲ್ಲಿ ಫೈಲ್ ನಕಲು ಸಾಲದು, ಡಿಸ್ಕನ್ನು ಇದ್ದದ್ದು ಇದ್ದಂಗ ಎತ್ತಿಡಬೇಕು.

ಇಲ್ಲಿನ ಹೋಲಿಕೆ ಬಹಳ ಕಡೆ ಎದುರಾಗುವ ಒಂದೇ ಸನ್ನಿವೇಶದ್ದು: 500 ಜಿಬಿಯ ಹಳೇ ಹಾರ್ಡ್ ಡಿಸ್ಕ್, ಅದರಲ್ಲಿ ತುಂಬಿರುವುದು 70-80 ಜಿಬಿ, ಬದಲಿಗೆ ತಂದಿರುವುದು 240 ಜಿಬಿಯ ಎಸ್‌ಎಸ್‌ಡಿ. ವಿಂಡೋಸ್ ಲೆಕ್ಕದಲ್ಲಿ ಮೊದಲಿನದು 465, ಎರಡನೇದು 223.

ವಿಂಡೋಸ್‌ನ ಉಪಕರಣ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಇಂದಿಗೂ ‘ಬ್ಯಾಕಪ್ ಅಂಡ್ ರಿಸ್ಟೋರ್, ವಿಂಡೋಸ್ 7’ ಎಂಬ ಹೆಸರಲ್ಲೇ ಕೂತಿದೆ. ಮೈಕ್ರೋಸಾಫ್ಟ್ 2017ರಲ್ಲೇ ಇದನ್ನು ಮೂಲೆಗೆ ಸರಿಸಿತು. ಇಮೇಜ್ ತೆಗೆಯುವಾಗ ಮಾತ್ರ ಇದರಷ್ಟು ಸಂಭಾವಿತ ಮತ್ತೊಂದಿಲ್ಲ. ವಿಂಡೋಸ್ ಒಳಗಿಂದಲೇ ಓಡುತ್ತದೆ, ನೀವು ಕೆಲಸ ಮಾಡುತ್ತಲೇ ಇರಬಹುದು, ಡಿಸ್ಕಿಗೆ ಗೂಢಲಿಪಿಯ ಬೀಗ ಹಾಕುವ ಬಿಟ್‌ಲಾಕರ್ ಇದ್ದರೂ ತಕರಾರಿಲ್ಲ. ಕೊನೆಗೆ ಸಿಗುವ ವಿಎಚ್‌ಡಿಎಕ್ಸ್ ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಡ್ರೈವ್ ಹಾಗೆ ತೆರೆದು, ಬೇಕಾದ ಒಂದು ಫೈಲ್ ಎತ್ತಿಕೊಳ್ಳಬಹುದು.

ವಾಪಸ್ ಕೂಡಿಸುವಾಗ ಅದರ ಅಸಲಿ ಗುಣ ಗೊತ್ತಾಗುವುದು. ಎಸ್‌ಎಸ್‌ಡಿ ಜೋಡಿಸಿ, ರಿಕವರಿಯಿಂದ ಬೂಟ್ ಮಾಡಿ, ಇಮೇಜ್ ತೋರಿಸಿ ನೆಕ್ಸ್ಟ್ ನೆಕ್ಸ್ಟ್ ಒತ್ತಿದ ಮೇಲೆ, ಸಿಸ್ಟಮ್ ಡಿಸ್ಕ್ ಕೂಡಿಸಲು ತಕ್ಕ ಡಿಸ್ಕ್ ಸಿಗಲಿಲ್ಲ ಎನ್ನುತ್ತದೆ. ಜೊತೆಗೊಂದು ನಂಬರ್, 0ಎಕ್ಸ್80042412. ಕಣ್ಣೆದುರೇ ಡಿಸ್ಕ್ ಇದೆ, ಬಯೋಸ್‌ನಲ್ಲಿ ಕಾಣುತ್ತಿದೆ, ಆದರೂ ‘ಇಲ್ಲ’. ಬಹಳ ಮಂದಿ ಇಲ್ಲಿ ಕೇಬಲ್ ಬದಲಿಸಿ, ಪೋರ್ಟ್ ಬದಲಿಸಿ ಅರ್ಧ ದಿನ ಕಳೆಯುತ್ತಾರೆ. ಕೇಬಲ್ ಸರಿಯೇ ಇರುತ್ತದೆ. ಎಷ್ಟು ತುಂಬಿದೆ, ಪಾರ್ಟಿಷನ್ (ಡಿಸ್ಕಿನೊಳಗಿನ ಪಾಲು) ಎಷ್ಟು ದೊಡ್ಡದು ಎಂಬುದನ್ನು ಈ ಉಪಕರಣ ನೋಡುವುದೇ ಇಲ್ಲ. ಮೂಲ ಡಿಸ್ಕ್ ಎಷ್ಟಿತ್ತೋ ಹೊಸದೂ ಕನಿಷ್ಠ ಅಷ್ಟೇ ಇರಬೇಕು ಎಂಬುದು ಅದರ ನಿಯಮ. ಒಂದು ಟಿಬಿಯ ಡಿಸ್ಕ್‌ನಲ್ಲಿ 100 ಜಿಬಿಯ ಒಂದೇ ಪಾರ್ಟಿಷನ್ ಇದ್ದರೂ ಒಂದು ಟಿಬಿಯದೇ ಬೇಕು. ಸಿ ಡ್ರೈವ್ ಕಿರಿದು ಮಾಡಿ ಮತ್ತೆ ಇಮೇಜ್ ತೆಗೆದರೂ ಅದೇ ಉತ್ತರ. 500ರ ಜಾಗಕ್ಕೆ 480 ತಂದವರಿಗೂ ಅದೇ.

ಇದರದು ಇನ್ನೆರಡು ಮೊಂಡಾಟ. ‘ವಿಂಡೋಸ್‌ಇಮೇಜ್‌ಬ್ಯಾಕಪ್’ ಫೋಲ್ಡರ್ ಬೇರೊಂದು ಫೋಲ್ಡರ್ ಒಳಗಿದ್ದರೆ ಅಥವಾ ಹೆಸರು ಬದಲಾಗಿದ್ದರೆ ಇಮೇಜ್ ಅದರ ಕಣ್ಣಿಗೆ ಬೀಳದು. ಹೊಸ ಬಗೆಯಲ್ಲಿ ಬೂಟ್ ಆಗುವ ಯುಇಎಫ್‌ಐ ಯಂತ್ರದ ಇಮೇಜನ್ನು ಲೆಗಸಿಯಲ್ಲಿ, ಅಂದರೆ ಹಳೇ ಬಯೋಸ್ ಬಗೆಯಲ್ಲಿ, ಬೂಟ್ ಮಾಡಿ ಕೂಡಿಸಲು ಹೋದರೂ ಒಲ್ಲೆ ಎನ್ನುತ್ತದೆ.

ಕ್ಲೋನ್‌ಝಿಲ್ಲಾ ತೈವಾನಿನದು, ಪುಕ್ಕಟೆ, ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಓಡಿಸುವಂಥದ್ದು. ತುಂಬಿದ ಜಾಗವನ್ನಷ್ಟೇ ಓದುತ್ತದೆ, ಒತ್ತಿ ಸಣ್ಣದು ಮಾಡುತ್ತದೆ. ಆದರೆ ನೀಲಿ-ಬೂದಿ ಪರದೆಯಲ್ಲಿ ಇಂಗ್ಲಿಷ್ ಓದುತ್ತ, ಬಾಣದ ಕೀಲಿ ಒತ್ತುತ್ತ ಹತ್ತಾರು ಮೆಟ್ಟಿಲು ದಾಟಬೇಕು. ಡಿಸ್ಕ್‌ಗಳಿಗೆ ಅದು ಕೊಡುವ ಹೆಸರಿನಲ್ಲಿ ಎಸ್‌ಡಿಎ ಯಾವುದು, ಎಸ್‌ಡಿಬಿ ಯಾವುದು ಎಂದು ತಪ್ಪಿದರೆ ಬ್ಯಾಕಪ್ ಇಟ್ಟ ಡಿಸ್ಕೇ ಅಳಿಸಿಹೋಗುತ್ತದೆ. ಹೆಸರು ನೋಡಬೇಡಿ, ಪಕ್ಕದಲ್ಲಿರುವ ಮಾಡೆಲ್ ಮತ್ತು ಜಿಬಿ ನೋಡ್ರಿ.

ರೆಸ್ಕ್ಯೂಝಿಲ್ಲಾ ಅದೇ ಇಮೇಜನ್ನು ಮೌಸ್ ಹಿಡಿದು ತೆಗೆಯುತ್ತದೆ. ಒಂದರಲ್ಲಿ ತೆಗೆದದ್ದನ್ನು ಇನ್ನೊಂದರಲ್ಲಿ ಕೂಡಿಸಬಹುದು. ನನಗೆ ಇದು ಹಿಡಿಸಲು ದೊಡ್ಡ ಕಾರಣ, ಪಾರ್ಟಿಷನ್ ಹಿಗ್ಗಿಸಿ ಕುಗ್ಗಿಸುವ ಜಿಪಾರ್ಟೆಡ್ ಒಳಗೇ ಇರುವುದು. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ಡ್ರೈವ್ ಕಿರಿದು ಮಾಡಲು ಹೋದರೆ, ಪೇಜ್‌ಫೈಲ್‌ನಂಥ ಅಲುಗದ ಫೈಲೊಂದು ನಡುವೆ ಕೂತು 300 ಜಿಬಿ ಖಾಲಿ ಇದ್ದರೂ ‘ಇಷ್ಟೇ ಆಗೋದು’ ಎನ್ನುತ್ತದೆ. ಹೊರಗಿನಿಂದ ಬೂಟ್ ಆದ ಜಿಪಾರ್ಟೆಡ್ ಅಂಥವನ್ನೂ ಎತ್ತಿ ಪಕ್ಕಕ್ಕಿಡುತ್ತದೆ.

ಕೆಲಸದ ಕ್ರಮ ಹೀಗೆ. ಶಿಫ್ಟ್ ಒತ್ತಿ ಹಿಡಿದು ಶಟ್‌ಡೌನ್ ಮಾಡಿ. ಸುಮ್ಮನೆ ಶಟ್‌ಡೌನ್ ಮಾಡಿದರೆ ಫಾಸ್ಟ್ ಸ್ಟಾರ್ಟಪ್ ದೆಸೆಯಿಂದ ವಿಂಡೋಸ್ ಅರೆನಿದ್ದೆಯಲ್ಲಿರುತ್ತದೆ, ಜಿಪಾರ್ಟೆಡ್ ಆ ಪಾರ್ಟಿಷನ್ ಮುಟ್ಟುವುದಿಲ್ಲ. ಮೊದಲು ಇದ್ದಂತೆಯೇ ಒಂದು ಇಮೇಜ್ ತೆಗೆದಿಡಿ. ಆಮೇಲಷ್ಟೇ ಸಿ ಡ್ರೈವನ್ನು 180 ಜಿಬಿಗೆ ಇಳಿಸಿ, ಕೊನೆಯಲ್ಲಿರುವ ರಿಕವರಿ ಪಾರ್ಟಿಷನ್ನನ್ನು ಎಡಕ್ಕೆ ಸರಿಸಿ. ನಡುವೆ ಕರೆಂಟ್ ಹೋದರೆ ಡೇಟಾ ಹೋದಂತೆ, ಹಾಗಾಗಿ ಬ್ಯಾಟರಿ ಗಟ್ಟಿ ಇರುವ ಯುಪಿಎಸ್ ಬೇಕು. ಒಮ್ಮೆ ವಿಂಡೋಸ್ ಬೂಟ್ ಮಾಡಿ, ಡಿಸ್ಕ್ ತಪಾಸಣೆ ಮುಗಿಯಲು ಬಿಟ್ಟು, ಎರಡನೇ ಇಮೇಜ್ ತೆಗೆಯಿರಿ.

ಕೂಡಿಸಲು ಈಗ ಕ್ಲೋನ್‌ಝಿಲ್ಲಾ. ಎಕ್ಸ್‌ಪರ್ಟ್ ದಾರಿ ಹಿಡಿದು, ಡಿಸ್ಕ್ ಅಳತೆ ನೋಡಬೇಡ ಎನ್ನುವ ‘ಐಸಿಡಿಎಸ್’ ಆಯ್ಕೆಗೆ ಗುರುತು ಹಾಕಿ, ಪಾರ್ಟಿಷನ್ ಟೇಬಲ್ (ಯಾವ ಪಾಲು ಎಲ್ಲಿದೆ ಎಂಬ ಪಟ್ಟಿ) ಮೂಲದಲ್ಲಿದ್ದಂತೆಯೇ ಇರಲಿ. ಪ್ರಮಾಣಕ್ಕೆ ತಕ್ಕಂತೆ ಕಿರಿದಾಗಲಿ ಎಂದರೆ 180 ಇನ್ನೂ ಕುಗ್ಗಿ, ಜಾಗ ಸಾಲದೆ ಅಲ್ಲೇ ನಿಲ್ಲುತ್ತದೆ. ಈ ಟೇಬಲ್ ಹಳೇ ಎಂಬಿಆರ್ ಬಗೆಯದಾದರೆ ಇಷ್ಟು ಸಾಕು. ಹೊಸ ಬಗೆಯ ಜಿಪಿಟಿ ತನ್ನ ಟೇಬಲ್‌ನ ಎರಡನೇ ಪ್ರತಿಯನ್ನು ಡಿಸ್ಕ್‌ನ ತುದಿಯಲ್ಲಿಡುತ್ತದೆ, ಸಣ್ಣ ಡಿಸ್ಕ್‌ನಲ್ಲಿ ಆ ತುದಿಯೇ ಇಲ್ಲ, ಹಾಗಾಗಿ ಅಲ್ಲಿ ಕೈಕೊಡಬಹುದು. ಕೊಟ್ಟರೆ ಎಸ್‌ಎಸ್‌ಡಿ ಮೇಲೆ ಅದೇ ಕ್ರಮದಲ್ಲಿ, ಅಷ್ಟೇ ಅಥವಾ ತುಸು ಹೆಚ್ಚು ಅಳತೆಯ ಪಾರ್ಟಿಷನ್‌ಗಳನ್ನು ಕೈಯಿಂದ ಮಾಡಿ, ರೆಸ್ಕ್ಯೂಝಿಲ್ಲಾದಲ್ಲಿ ಪಾರ್ಟಿಷನ್ ಟೇಬಲ್ ಬರೆಯುವ ಗುರುತು ತೆಗೆದು, ಒಂದೊಂದಾಗಿ ಕೂಡಿಸಿ. ಆಮೇಲೆ ವಿಂಡೋಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಶಿಫ್ಟ್ ಜೊತೆ ಎಫ್10 ಒತ್ತಿ, ‘ಬಿಸಿಡಿಬೂಟ್’ ಆಜ್ಞೆಯಿಂದ ಬೂಟ್ ಫೈಲು ಹೊಸದಾಗಿ ಬರೆಸಬೇಕು.

ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಬಿಟ್‌ಲಾಕರ್ ನಿಮಗೆ ಗೊತ್ತಿಲ್ಲದೆಯೇ ಆನ್ ಇರುತ್ತದೆ. ಎರಡೂ ಝಿಲ್ಲಾಗಳಿಗೆ ಒಳಗೇನಿದೆ ಕಾಣುವುದಿಲ್ಲ, ಡಿಸ್ಕ್ 512 ಜಿಬಿಯದಾದರೆ ಖಾಲಿ ಜಾಗವನ್ನೂ ಸೇರಿಸಿ ಪೂರ್ತಿ 512 ಎಳೆಯುತ್ತವೆ. ಮೊದಲು ಡಿಕ್ರಿಪ್ಟ್ ಮಾಡ್ರಿ, ಬಿಟ್‌ಲಾಕರ್‌ನ 48 ಅಂಕಿಯ ರಿಕವರಿ ಕೀ ಬರೆದಿಡ್ರಿ.

ವೇಗ ಮೂರರದ್ದೂ ಹೆಚ್ಚುಕಡಿಮೆ ಒಂದೇ, ಫರಕು ಬೀಳುವುದು ಪೋರ್ಟಿನಿಂದ. 80 ಜಿಬಿಗೆ ಕಪ್ಪು ಯುಎಸ್‌ಬಿ 2ರಲ್ಲಿ ಮುಕ್ಕಾಲು ತಾಸು, ನೀಲಿ ಯುಎಸ್‌ಬಿ 3ರಲ್ಲಿ ಕಾಲು ತಾಸು.

ಬ್ಯಾಡ್ ಸೆಕ್ಟರ್ ಬಿದ್ದ ಡಿಸ್ಕ್‌ಗೆ ಇವು ಯಾವುವೂ ಅಲ್ಲ, ಕೆಟ್ಟ ಡಿಸ್ಕಿನಿಂದ ಓದಲಾದಷ್ಟನ್ನು ಎತ್ತುವ ಡಿಡಿರೆಸ್ಕ್ಯೂ ಮೊದಲು.

ದಿನಾ ತಾನಾಗಿಯೇ ಬ್ಯಾಕಪ್ ಆಗಬೇಕು ಅನ್ನುವವರಿಗೆ ನನ್ನ ಆಯ್ಕೆ ಒಗ್ಗದು, ಯಂತ್ರ ನಿಲ್ಲಿಸಿ ಪೆನ್‌ಡ್ರೈವ್ ಚುಚ್ಚಲೇಬೇಕು. ನನಗೆ ತಿಂಗಳಿಗೊಮ್ಮೆ, ಅಮಾಸಿಗೆ ಅಂಗಡಿ ಬಾಗಿಲು ಹಾಕಿದಾಗ ತೆಗೆದರೆ ನಡೆಯುತ್ತದೆ. ಖರ್ಚೂ ಅಷ್ಟೇ: ವೆಂಟಾಯ್ (ಒಂದೇ ಪೆನ್‌ಡ್ರೈವ್‌ನಿಂದ ಹಲವನ್ನು ಬೂಟ್ ಮಾಡಿಸುವ ತಂತ್ರಾಂಶ) ಹಾಕಿದ ಒಂದು ಪೆನ್‌ಡ್ರೈವ್‌ನಲ್ಲಿ ಎರಡೂ ಝಿಲ್ಲಾಗಳ ಐಎಸ್‌ಒ ಫೈಲು, ಜೊತೆಗೆ ಒಂದು ಟಿಬಿಯ ಎಕ್ಸ್‌ಟರ್ನಲ್.

ಕೂಡಿಸಿದ ಮೇಲೆ ಮೊದಲ ಸಲ ಬೂಟ್ ಮಾಡುವಾಗ ಹಳೇ ಡಿಸ್ಕ್‌ನ ಕೇಬಲ್ ಬಿಚ್ಚಿರಬೇಕು. ಎರಡಕ್ಕೂ ಒಂದೇ ಗುರುತು ಇದ್ದರೆ ವಿಂಡೋಸ್ ಗೊಂದಲಕ್ಕೆ ಬಿದ್ದು ಒಂದನ್ನು ಆಫ್‌ಲೈನ್ ಮಾಡುತ್ತದೆ. ಬಿಚ್ಚಿದ ಡಿಸ್ಕ್ ಮೇಲೆ ತಾರೀಖು ಬರೆದು ಎತ್ತಿಡಿ, ಒಂದೆರಡು ತಿಂಗಳು ಫಾರ್ಮ್ಯಾಟ್ ಹೊಡೆಯಬ್ಯಾಡ್ರಿ.