ಕಿಟ್ ಜೊತೆ ಬಂದ ಕೊಕ್ಕೆ ವಾಷರನ್ನು ಪಕ್ಕಕ್ಕಿಡಬೇಡಿ

ಎಡಗೈ ಮಣಿಕಟ್ಟಿಗೆ ಆರು ವಾರ ಪ್ಲಾಸ್ಟರ್ ಇತ್ತು. ಗದ್ದಕ್ಕೆ ನಾಲ್ಕು ಹೊಲಿಗೆ. ಕಾರಣ ಬಸ್ಸೂ ಅಲ್ಲ, ಬೀದಿನಾಯಿಯೂ ಅಲ್ಲ. ನಾನೇ ದುಡ್ಡು ಕೊಟ್ಟು ಸೈಕಲ್ಲಿಗೆ ಹಾಕಿಸಿಕೊಂಡ ಮೋಟಾರು. ಹಬ್ ಮೋಟಾರ್ ಕಿಟ್, ಅಂದರೆ ಚಕ್ರದ ನಡುವೆಯೇ ಮೋಟಾರು ಇರುವ ಕಿಟ್, ತರಿಸೋಣ ಅಂತ ಯೋಚನೆ ಮಾಡುತ್ತಿರುವವರು ದುಡ್ಡು ಕಳಿಸುವ ಮುಂಚೆ ಇದನ್ನು ಓದಿಬಿಡಿ.

ಮೈಸೂರಿನ ಕುವೆಂಪುನಗರದಿಂದ ಮೇಟಗಳ್ಳಿಯ ನಮ್ಮ ಕಾರ್ಖಾನೆಗೆ ಹೆಚ್ಚುಕಡಿಮೆ ಒಂಬತ್ತು ಕಿಲೋಮೀಟರ್. ಐದು ವರ್ಷದಿಂದ ಸೈಕಲ್ಲಲ್ಲೇ ಹೋಗಿಬರುತ್ತಿದ್ದೆ. ನಲವತ್ತೈದು ದಾಟಿದ ಮೇಲೆ ಏರು ಎಲ್ಲೆಲ್ಲಿದೆ ಅಂತ ಮಂಡಿ ಲೆಕ್ಕ ಇಡತೊಡಗಿತು. ಸ್ಕೂಟರ್ ತಗೊಳ್ಳೋಕೆ ಮನಸ್ಸಿಲ್ಲ. ಆಗ ಕಣ್ಣಿಗೆ ಬಿದ್ದದ್ದು ಈ ಕಿಟ್. 36 ವೋಲ್ಟ್, 250 ವ್ಯಾಟ್, ಮುಂದಿನ ಚಕ್ರದಲ್ಲೇ ಮೋಟಾರು. ಬ್ಯಾಟರಿ, ಕಂಟ್ರೋಲರ್, ಥ್ರಾಟಲ್ (ಕೈಯಲ್ಲಿ ತಿರುಗಿಸುವ ಎಕ್ಸಿಲರೇಟರ್), ಚಾರ್ಜರ್ ಎಲ್ಲ ಸೇರಿ 18,500 ರೂಪಾಯಿ. ಮಾರುವವರ ವಿಡಿಯೋದಲ್ಲಿ ಒಬ್ಬ ಹುಡುಗ ಹಳೇ ಚಕ್ರ ಬಿಚ್ಚಿ, ಹೊಸದು ಹಾಕಿ, ಇಪ್ಪತ್ತು ನಿಮಿಷದಲ್ಲಿ ಹೊರಟೇಬಿಡುತ್ತಾನೆ. ಫೋನ್ ಮಾಡಿದಾಗ "ಯಾವ ಸೈಕಲ್ಲಿಗಾದ್ರೂ ಆಗುತ್ತೆ ಸಾರ್" ಅಂದರು. ನನ್ನದು ಯಾವ ಸೈಕಲ್, ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕ್ ಕಬ್ಬಿಣದ್ದಾ ಅಲ್ಯೂಮಿನಿಯಂದಾ, ಒಂದನ್ನೂ ಕೇಳಲಿಲ್ಲ. ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ.

ಡಬ್ಬ ಬಂತು. ಭಾನುವಾರ ಬೆಳಿಗ್ಗೆ ಅದನ್ನು ಹೊತ್ತುಕೊಂಡು ನಮ್ಮ ರಸ್ತೆಯ ಸೈಕಲ್ ಶಾಪಿಗೆ ಹೋದೆ. ಶಾಪಿನ ಅಣ್ಣ ಒಳ್ಳೆಯವರು, ಕೈಕೆಲಸವೂ ಒಳ್ಳೆಯದು. ಆದರೆ ಇಂಥ ಚಕ್ರ ಅವರು ಅದೇ ಮೊದಲು ನೋಡಿದ್ದು. ಹಳೇ ಚಕ್ರ ಬಿಚ್ಚಿ ಹೊಸದನ್ನು ಎತ್ತಿ ಹಿಡಿದರೆ ಆಕ್ಸಲ್ (ಚಕ್ರದ ನಡುವಿನ ಅಚ್ಚು) ಫೋರ್ಕಿನ ಒಳಗೇ ಹೋಗಲಿಲ್ಲ. ಮೋಟಾರಿನ ಆಕ್ಸಲ್ 12 ಮಿಲಿಮೀಟರ್ ದಪ್ಪ. ಎರಡು ಪಕ್ಕ ಚಪ್ಪಟೆ ಮಾಡಿರುತ್ತಾರೆ, ಅಲ್ಲಿ 10 ಮಿಲಿಮೀಟರ್. ನನ್ನ ಫೋರ್ಕಿನ ತುದಿಯ ಸೀಳು 9. "ಒಂದು ನಿಮಿಷ ಸಾರ್" ಅಂತ ಅಣ್ಣ ಅರ ತಗೊಂಡು ಉಜ್ಜಲು ಶುರು ಮಾಡಿದರು. ಬೆಳ್ಳಗೆ ಹೊಳೆಯುವ ಪುಡಿ ಟೈರಿನ ಮೇಲೆ ಉದುರಿತು. ಎರಡು ಮೂರು ಸಲ ಚಕ್ರ ಇಟ್ಟು ನೋಡಿದರು, ಮತ್ತೆ ಉಜ್ಜಿದರು. ಕೊನೆಗೆ ಆಕ್ಸಲ್ ಸಲೀಸಾಗಿ ಜಾರಿ ಕೂತಿತು. ಸ್ವಲ್ಪ ಜಾಸ್ತಿನೇ ಸಲೀಸಾಗಿ. ಕೈಯಲ್ಲಿ ಅಲ್ಲಾಡಿಸಿದರೆ ಲೊಡಲೊಡ ಅನ್ನುತ್ತಿತ್ತು. ನಟ್ ಟೈಟ್ ಮಾಡಿದ ಮೇಲೆ ಅಲ್ಲಾಟ ನಿಂತಿತು. ಇಬ್ಬರಿಗೂ ಸಮಾಧಾನ.

ಕವರಿನಲ್ಲಿ ಎರಡು ವಾಷರ್ ಉಳಿದವು. ಮಾಮೂಲಿ ವಾಷರ್ ಅಲ್ಲ. ನಡುವಿನ ತೂತು ದುಂಡಗಿಲ್ಲ, ಎರಡು ಕಡೆ ಚಪ್ಪಟೆ. ಅಂಚಿನಲ್ಲಿ ಬಾಗಿದ ಒಂದು ಚಿಕ್ಕ ಕೊಕ್ಕೆ. ಎಲ್ಲಿಗೆ ಅಂತ ಕಿಟ್ ಜೊತೆ ಬಂದ ಒಂದು ಹಾಳೆಯಲ್ಲಿ ಹುಡುಕಿದೆವು, ಚಿತ್ರವೇ ಇರಲಿಲ್ಲ. "ಎಕ್ಸ್‌ಟ್ರಾ ಕಳಿಸಿದಾರೆ ಸಾರ್, ಇಟ್ಕೊಳಿ" ಅಂದರು ಅಣ್ಣ. ಇಟ್ಟುಕೊಂಡೆ. ಬ್ರೇಕ್ ಹಿಡಿದ ಕೂಡಲೇ ಮೋಟಾರ್ ನಿಲ್ಲಿಸುವ ಎರಡು ಲಿವರ್ ಕೂಡ ಬಂದಿದ್ದವು. ಅವನ್ನು ಹಾಕಬೇಕಾದರೆ ಗೇರ್ ಬಿಚ್ಚಬೇಕು, ಆಮೇಲೆ ನೋಡೋಣ ಅಂದೆ. ಇದು ಪೂರ್ತಿ ನನ್ನ ತಪ್ಪು.

ಎರಡು ತಿಂಗಳು ಸ್ವರ್ಗ. ಸುಳ್ಳು ಹೇಳಲ್ಲ. ಏರಿನಲ್ಲಿ ಬೆನ್ನಿಗೆ ಯಾರೋ ಕೈ ಕೊಟ್ಟು ತಳ್ಳಿದ ಹಾಗೆ.

ಮೂರನೇ ತಿಂಗಳಲ್ಲಿ ಥ್ರಾಟಲ್ ತಿರುಗಿಸಿದ ಕೂಡಲೇ ಮುಂದಿನಿಂದ ಒಂದು ಸಣ್ಣ 'ಟಿಕ್' ಕೇಳತೊಡಗಿತು. ಒಂದೇ ಸಲ, ಆಮೇಲೆ ಇಲ್ಲ. ಸ್ಪೋಕ್ ಇರಬೇಕು ಅಂದುಕೊಂಡೆ. ಒಂದು ದಿನ ಆಕ್ಸಲ್ಲಿನಿಂದ ಹೊರಬರುವ ವೈರು ಮೊದಲಿಗಿಂತ ಬಿಗಿಯಾಗಿದೆ ಅನ್ನಿಸಿತು. ಅದನ್ನೂ ಬಿಟ್ಟೆ. ಅಷ್ಟರಲ್ಲಿ ಆಕ್ಸಲ್ ಫೋರ್ಕಿನೊಳಗೆ ಕೂದಲೆಳೆಯಷ್ಟು ಹಿಂದೆ ಮುಂದೆ ತಿರುಗುತ್ತಿತ್ತು. ಪ್ರತಿ ಸಲವೂ ಮೆತ್ತಗಿನ ಅಲ್ಯೂಮಿನಿಯಂ ಸೀಳಿನ ಅಂಚನ್ನು ತಿನ್ನುತ್ತಿತ್ತು.

ಬಿದ್ದದ್ದು ಕಾರ್ಖಾನೆಗೆ ಒಂದು ಕಿಲೋಮೀಟರ್ ಇದ್ದಾಗ. ಸಿಗ್ನಲ್ ಬಿಟ್ಟಿತು, ಪೆಡಲ್ ತುಳಿಯದೆ ಪೂರ್ತಿ ಥ್ರಾಟಲ್ ಕೊಟ್ಟೆ. 'ಟಕ್' ಅಂತ ದೊಡ್ಡ ಸದ್ದು. ಆಕ್ಸಲ್ ಇದ್ದ ಜಾಗದಲ್ಲೇ ಗಿರ್ರನೆ ಸುತ್ತಿತು, ಜೊತೆಗೆ ವೈರನ್ನೂ ಸುತ್ತಿಕೊಂಡು ಕಿತ್ತು ಹಾಕಿತು. ಒಂದು ಪಕ್ಕದ ಸೀಳು ಬಾಯಿ ಬಿಟ್ಟು ಚಕ್ರ ವಾರೆಯಾಯಿತು. ನಾನು ಹ್ಯಾಂಡಲ್ ಮೇಲಿಂದ ಆಚೆ. ಸಿಗ್ನಲ್ಲಿನಲ್ಲಿ ಆದದ್ದರಿಂದ ವೇಗ ಇರಲಿಲ್ಲ. ಹಿಂದಿನ ಆಟೋದವರು ಬ್ರೇಕ್ ಹಿಡಿದರು. ರಿಂಗ್ ರೋಡಿನಲ್ಲಿ ಆಗಿದ್ದರೆ ಈ ಬರಹ ಬೇರೆ ಯಾರಾದರೂ ಬರೆಯಬೇಕಿತ್ತು.

ಯಾಕೆ ಹೀಗಾಯಿತು ಅಂತ ಸರಿಯಾಗಿ ಬಿಡಿಸಿ ಹೇಳಿದವರು ನಮ್ಮ ಟೂಲ್ ರೂಮಿನ ಒಬ್ಬ ಹಿರಿಯ ಫಿಟ್ಟರ್. ಮುರಿದ ಫೋರ್ಕನ್ನು ಕೈಯಲ್ಲಿ ಹಿಡಿದು ನೋಡಿ, "ಆಕ್ಸಲ್ ತಿರುಗದ ಹಾಗೆ ಏನು ಹಿಡಿದಿತ್ತು?" ಅಂತ ಕೇಳಿದರು. ನಟ್ ಅಂದೆ. ನಕ್ಕರು. ಮಾಮೂಲಿ ಚಕ್ರದ ಆಕ್ಸಲ್ ಸುಮ್ನೆ ಭಾರ ಹೊರುತ್ತದೆ. ನಡುವೆ ಬೇರಿಂಗ್ ಇರುವುದರಿಂದ ಚಕ್ರ ಎಷ್ಟು ತಿರುಗಿದರೂ ಆಕ್ಸಲ್ಲಿಗೆ ಅದರ ಗೊಡವೆ ಇಲ್ಲ. ಹಬ್ ಮೋಟಾರ್ ಹಾಗಲ್ಲ. ಇಲ್ಲಿ ಆಕ್ಸಲ್ಲನ್ನೇ ಊರಿಕೊಂಡು ಮೋಟಾರು ಚಕ್ರವನ್ನು ಮುಂದಕ್ಕೆ ತಳ್ಳಬೇಕು. ಚಕ್ರವನ್ನು ಎಷ್ಟು ಜೋರಾಗಿ ಮುಂದಕ್ಕೆ ತಿರುಗಿಸುತ್ತದೋ, ಆಕ್ಸಲ್ ಅಷ್ಟೇ ಜೋರಾಗಿ ಹಿಂದಕ್ಕೆ ತಿರುಗಲು ನೋಡುತ್ತದೆ. ಹೊರಡುವಾಗ ಇಂಥ ಮೋಟಾರು 30 ನ್ಯೂಟನ್ ಮೀಟರ್ ತಿರುಗಿಸುವ ಬಲ (ಟಾರ್ಕ್) ಹಾಕಿತು ಅನ್ನಿ. ಅದನ್ನು ತಡೆಯಬೇಕಾದದ್ದು ಒಂದಕ್ಕೊಂದು 10 ಮಿಲಿಮೀಟರ್ ದೂರದಲ್ಲಿರುವ ಆ ಎರಡು ಚಪ್ಪಟೆ ಮೈ. ಲೆಕ್ಕ ಹಾಕಿದರೆ ಸೀಳಿನ ಅಂಚಿನ ಮೇಲೆ ಸುಮಾರು 300 ಕೆಜಿ ಒತ್ತಡ. ಅದೂ ಅರದಲ್ಲಿ ಉಜ್ಜಿ ಸಡಿಲ ಮಾಡಿದ ಸೀಳು. ಕಬ್ಬಿಣದ ಫೋರ್ಕ್ ಆದರೆ ಮೊದಲು ಬಾಗಿ ಎಚ್ಚರಿಕೆ ಕೊಡುತ್ತದೆ. ಸಸ್ಪೆನ್ಷನ್ ಇರುವ ಎರಕದ ಅಲ್ಯೂಮಿನಿಯಂ ಫೋರ್ಕ್ ನೇರ ಮುರಿಯುತ್ತದೆ.

ಉಳಿದುಹೋದ ಆ ವಾಷರ್ ಇದ್ದದ್ದೇ ಇದಕ್ಕೆ. ಚಪ್ಪಟೆ ತೂತು ಆಕ್ಸಲ್ಲನ್ನು ಹಿಡಿಯುತ್ತದೆ, ಕೊಕ್ಕೆ ಫೋರ್ಕಿನ ಸೀಳಿನಲ್ಲಿ ಕೂರುತ್ತದೆ. ಫಿಟ್ಟರ್ ಪ್ರಕಾರ ಅದೂ ಸಾಲದು. ಟಾರ್ಕ್ ಆರ್ಮ್ ಅಂತ ದಪ್ಪ ಉಕ್ಕಿನ ಪಟ್ಟಿ ಸಿಗುತ್ತದೆ. ಒಂದು ತುದಿ ಆಕ್ಸಲ್ಲನ್ನು ಕಚ್ಚಿ ಹಿಡಿಯುತ್ತದೆ, ಇನ್ನೊಂದನ್ನು ಫೋರ್ಕಿನ ಕಾಲಿಗೆ ಕ್ಲಾಂಪ್ ಮಾಡಬೇಕು. ಕೆಲವು ನೂರು ರೂಪಾಯಿಯ ಸಾಮಾನು. 18,500ರ ಕಿಟ್ಟಿನಲ್ಲಿ ಅದಿರಲಿಲ್ಲ.

ಮಾರಿದವರಿಗೆ ಫೋಟೋ ಕಳಿಸಿದೆ. "ಫಿಟ್ಟಿಂಗ್ ತಪ್ಪು, ವಾರಂಟಿ ಬರಲ್ಲ" ಅಂತ ಒಂದೇ ಸಾಲಿನ ಉತ್ತರ. ಯಾವ ಸೈಕಲ್ಲಿಗಾದರೂ ಆಗುತ್ತೆ ಅಂದಿದ್ದಿರಲ್ಲ ಅಂತ ಕೇಳಿದೆ. ಮೆಸೇಜ್ ಓದಿದ ಗುರುತು ಬಂತು, ಉತ್ತರ ಬರಲಿಲ್ಲ.

ಪ್ಲಾಸ್ಟರ್ ಹಾಕಿಕೊಂಡು ಮನೆಯಲ್ಲಿ ಕೂತಿದ್ದಾಗ ಬ್ಯಾಟರಿಯ ಬಂಡವಾಳವೂ ಬಯಲಾಯಿತು. ಮೇಲೆ 10 ಆಂಪಿಯರ್ ಅವರ್ (ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ) ಅಂತ ಚೀಟಿ. 40 ಕಿಲೋಮೀಟರ್ ಬರುತ್ತೆ ಅಂದಿದ್ದರು, ನನಗೆ 20 ದಾಟಿದ್ದೇ ಇಲ್ಲ. ಯುಪಿಎಸ್ ರಿಪೇರಿ ಮಾಡುವ ಗೆಳೆಯ ಬಿಚ್ಚಿ ನೋಡಿದರೆ ಒಳಗೆ ಇದ್ದದ್ದು 30 ಸೆಲ್, ತಲಾ 2,000 ಮಿಲಿ ಆಂಪಿಯರ್ ಅವರಿನವು, ಅಂದರೆ 2 ಆಂಪಿಯರ್ ಅವರ್. 36 ವೋಲ್ಟಿಗೆ ಹತ್ತು ಸೆಲ್ ಸಾಲಾಗಿ ಬೇಕು, ಅಂಥ ಮೂರು ಸಾಲು. ಅಂದರೆ 6 ಆಂಪಿಯರ್ ಅವರ್. ಬಿಚ್ಚುವ ಸಾಹಸ ನೀವು ಮಾಡಬೇಡಿ, ಅದು ಗೊತ್ತಿರುವವರ ಕೆಲಸ. ಒಂದು ಸೆಲ್ ಸುಮಾರು 45 ಗ್ರಾಂ ತೂಗುತ್ತದೆ. ಬ್ಯಾಟರಿಯನ್ನು ಅಡುಗೆಮನೆ ತಕ್ಕಡಿಯಲ್ಲಿಟ್ಟರೂ ಒಳಗೆ ಎಷ್ಟು ಸೆಲ್ ಇರಬಹುದು ಅಂತ ಅಂದಾಜು ಸಿಗುತ್ತದೆ.

ಅದೇ ಬ್ಯಾಟರಿಯನ್ನು ಎರಡು ತಿಂಗಳಿಗೂ ಹೆಚ್ಚು ಕಾಲ ರಾತ್ರಿಯಿಡೀ ಬಾಗಿಲ ಪಕ್ಕ ಚಪ್ಪಲಿ ಸ್ಟ್ಯಾಂಡಿನ ಮೇಲೆ ಚಾರ್ಜಿಗೆ ಹಾಕುತ್ತಿದ್ದೆ. ಮನೆಗೆ ಇರುವುದು ಅದೊಂದೇ ಬಾಗಿಲು. ಹೆಂಡತಿ "ರೀ, ಅದು ಹತ್ತಿಕೊಂಡ್ರೆ ನಾವು ಹೊರಗೆ ಹೋಗೋದು ಎಲ್ಲಿಂದ?" ಅಂತ ಕೇಳಿದಾಗ ರೇಗಿದ್ದೆ. ಕೆಳಮನೆಯವರ 48 ವೋಲ್ಟ್ ಚಾರ್ಜರಿನ ಪಿನ್ ನನ್ನ ಬ್ಯಾಟರಿಗೂ ಸರಿಯಾಗಿ ಕೂರುತ್ತದೆ. ಚಾರ್ಜ್ ಮಾಡುವಾಗ ನನ್ನ 36 ವೋಲ್ಟಿನದಕ್ಕೆ 42 ವೋಲ್ಟ್ ಮೀರಬಾರದು, ಅದು ಕೊಡುವುದು 54.6. ಒಂದು ದಿನ ಅವರ ಮಗ ಅದನ್ನೇ ತಂದು ಚುಚ್ಚಲು ಹೊರಟಿದ್ದ. ನಾನು ಅಲ್ಲೇ ಇದ್ದದ್ದಕ್ಕೆ ತಪ್ಪಿತು.

ಇನ್ನೊಂದು. ವೇಗಕ್ಕೆ ಮಿತಿ ಹಾಕುವ ವೈರು ತೋರಿಸಿ "ಈ ಬಿಳಿ ವೈರ್ ಕಟ್ ಮಾಡಿದ್ರೆ 35 ಸ್ಪೀಡ್ ಹೋಗುತ್ತೆ" ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಲೈಸೆನ್ಸ್, ರಿಜಿಸ್ಟ್ರೇಷನ್ ಬೇಡ ಅನ್ನುವ ರಿಯಾಯಿತಿ ಇರುವುದು ಮೋಟಾರು 250 ವ್ಯಾಟ್ ಒಳಗೆ, ವೇಗ ಗಂಟೆಗೆ 25 ಕಿಲೋಮೀಟರ್ ಒಳಗೆ ಇದ್ದರೆ ಮಾತ್ರ. ಮೀರಿದರೆ ನಿಮ್ಮದು ನಂಬರ್ ಪ್ಲೇಟ್ ಇಲ್ಲದ ಮೋಟಾರು ವಾಹನ. ಸೈಕಲ್ ಬ್ರೇಕು ಅಷ್ಟು ವೇಗಕ್ಕೆ ಮಾಡಿದ್ದೂ ಅಲ್ಲ.

ಹಾಕಿಸಲೇಬೇಕು ಅಂದರೆ ಕಬ್ಬಿಣದ ಫ್ರೇಮ್ ನೋಡಿ, ಮೋಟಾರು ಹಿಂದಿನ ಚಕ್ರಕ್ಕಿರಲಿ. ಅಲ್ಲಿ ಮುರಿದರೂ ಮುಖ ಅಡಿಯಾಗಿ ಬೀಳುವುದು ಕಡಿಮೆ. ಎರಡೂ ಪಕ್ಕ ಟಾರ್ಕ್ ಆರ್ಮ್ ಹಾಕಿಸಿ. ಸೀಳನ್ನು ಉಜ್ಜಲೇಬೇಕಾದರೆ ಬಿಗಿಯಾಗಿ ಕೂರುವಷ್ಟೇ ಉಜ್ಜಿಸಿ. ಮೊದಲ 50 ಕಿಲೋಮೀಟರ್ ಆದ ಮೇಲೆ ನಟ್ ಮತ್ತೆ ಟೈಟ್ ಮಾಡಿ. ನಟ್ಟಿಗೂ ಆಕ್ಸಲ್ಲಿಗೂ ಸೇರಿಸಿ ಪೇಂಟಿನಲ್ಲಿ ಒಂದು ಗೆರೆ ಎಳೆದುಬಿಟ್ಟರೆ, ನಟ್ ಸಡಿಲವಾದರೆ ದೂರದಿಂದಲೇ ಕಾಣುತ್ತದೆ. ಆಕ್ಸಲ್ಲಿಗೂ ಫೋರ್ಕಿಗೂ ಅಂಥದ್ದೇ ಇನ್ನೊಂದು ಗೆರೆ ಇರಲಿ. 'ಟಿಕ್' ಕೇಳಿದ ದಿನ ಸೈಕಲ್ ತಳ್ಳಿಕೊಂಡು ಮನೆಗೆ ಹೋಗಿ.

ಈಗ ನನ್ನ ಸೈಕಲ್ಲಿಗೆ ಕಬ್ಬಿಣದ ಫೋರ್ಕು, ಹಳೇ ಚಕ್ರ. ಮೋಟಾರು ಅಟ್ಟದ ಮೇಲಿದೆ. ಹೋದ ವಾರ ಗಾಳಿ ಹೊಡೆಸಲು ಶಾಪಿಗೆ ಹೋದರೆ ಅಲ್ಲಿ ಇನ್ಯಾರದೋ ಕಿಟ್, ಇನ್ನೊಂದು ಸೈಕಲ್. ಚಕ್ರ ಆಗಲೇ ಕೂತಿತ್ತು. "ಅಣ್ಣಾ, ಕೊಕ್ಕೆ ಇರೋ ವಾಷರ್ ಎಲ್ಲಿ?" ಅಂದೆ. ಅವರು ನನ್ನ ಮಣಿಕಟ್ಟು ನೋಡಿದರು. ನಟ್ಟು ಬೋಲ್ಟಿನ ಡಬ್ಬಿಯಲ್ಲಿ ಕೈಯಾಡಿಸಿ ಎರಡನ್ನೂ ಹೊರಗೆ ತೆಗೆದು, 18ರ ಸ್ಪ್ಯಾನರ್ ಹುಡುಕಲು ಎದ್ದರು.