ರೂಫಸ್, ವೆಂಟಾಯ್, ಮೀಡಿಯಾ ಕ್ರಿಯೇಷನ್ ಟೂಲ್: ಇನ್‌ಸ್ಟಾಲ್ ಅರ್ಧಕ್ಕೆ ನಿಂತರೆ ಯಾವುದು ವಾಸಿ?

ವಿಂಡೋಸ್ 10ರ ಸಾಮಾನ್ಯ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆಮೇಲೆ ಕಲಬುರಗಿಯ ನಮ್ಮ ಓಣಿಯಲ್ಲಿ ಲ್ಯಾಪ್‌ಟಾಪ್ ಹಿಡಿದು ಬರುವವರು ಜಾಸ್ತಿ ಆಗಿದ್ದಾರೆ. ವಿಂಡೋಸ್ 11 ಅರ್ಧಕ್ಕೆ ನಿಂತಿದೆ ಅಂದ ಕೂಡಲೇ ನಾನು ಕೇಳೋದು ಒಂದೇ: ಇನ್‌ಸ್ಟಾಲ್ ಮಾಡೋ ಪೆನ್‌ಡ್ರೈವ್ ಯಾವುದರಲ್ಲಿ ಮಾಡಿದಿರಿ? ಆ ಪೆನ್‌ಡ್ರೈವ್ ತಯಾರಿಸುವ ಸಾಫ್ಟ್‌ವೇರ್‌ಗಳೇ ಮೇಲಿನ ಮೂರೂ.

ಮೀಡಿಯಾ ಕ್ರಿಯೇಷನ್ ಟೂಲ್ ಎಲ್ಲಕ್ಕಿಂತ ಸುಲಭ. 8 ಜಿಬಿ ಪೆನ್‌ಡ್ರೈವ್ ಹಾಕಿ ನೆಕ್ಸ್ಟ್ ಒತ್ತುತ್ತಾ ಹೋದರೆ ಸಾಕು. ಆದರೆ ಫೈಲನ್ನೆಲ್ಲ ತಾನೇ ನೆಟ್‌ನಿಂದ ಇಳಿಸಿಕೊಳ್ಳುತ್ತದೆ. ಬೇಸಿಗೆಯಲ್ಲಿ ಕರೆಂಟ್ ಹೋಗಿ ವೈಫೈ ಬಂದ್ ಆದಾಗ ನನಗೆ ಮತ್ತೆ ಮೊದಲಿಂದ ಶುರು ಮಾಡಬೇಕಾಯಿತು. ಮೊಬೈಲ್ ಹಾಟ್‌ಸ್ಪಾಟ್ ನೆಚ್ಚಿಕೊಂಡವರಿಗೆ ಇದು ಬೇಡ.

ರೂಫಸ್‌ಗೆ ಮೊದಲೇ ಇಳಿಸಿಟ್ಟ ಐಎಸ್‌ಒ ಫೈಲ್ (ಇಡೀ ಇನ್‌ಸ್ಟಾಲ್ ಡಿಸ್ಕ್ ಒಂದೇ ಫೈಲಿನಲ್ಲಿ) ಕೊಡಬಹುದು. ಕೆಲವರು ಪೆನ್‌ಡ್ರೈವನ್ನು ಎಫ್‌ಎಟಿ32 ಅನ್ನೋ ಹಳೇ ಫಾರ್ಮ್ಯಾಟ್‌ಗೆ ತಂದು ಐಎಸ್‌ಒ ಒಳಗಿನದ್ದನ್ನು ಸುಮ್ನೆ ಕಾಪಿ ಹೊಡೀತಾರೆ. ಎಫ್‌ಎಟಿ32ರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರಲ್ಲ, ವಿಂಡೋಸಿನ ಮುಖ್ಯ ಫೈಲ್ ಆ ಗಡಿ ದಾಟಿರುತ್ತದೆ. ರೂಫಸ್ ಆ ಮಿತಿ ಇಲ್ಲದ ಎನ್‌ಟಿಎಫ್‌ಎಸ್ ಫಾರ್ಮ್ಯಾಟ್ ಬಳಸಿ ಈ ತೊಂದರೆ ತಪ್ಪಿಸುತ್ತದೆ. ನನಗೆ ಹಿಡಿಸಿದ್ದು ಪೆನ್‌ಡ್ರೈವ್‌ನ ಕೆಟ್ಟ ಜಾಗ ಹುಡುಕುವ ಅದರ ಬ್ಯಾಡ್ ಬ್ಲಾಕ್ ಚೆಕ್. 025ಡಿ ಅಂತ ಮುಗಿಯುವ ಎರರ್ ಕೋಡ್ ಬಂದರೆ ಪೆನ್‌ಡ್ರೈವ್, ಐಎಸ್‌ಒ, ರ್‍ಯಾಮ್ ಮೂರರ ಮೇಲೂ ಅನುಮಾನ ಇಡಬೇಕು. ಸೂಪರ್ ಮಾರ್ಕೆಟ್ ಕಡೆ ಅಗ್ಗಕ್ಕೆ ಸಿಕ್ಕ, ಹೆಸರೇ ಇಲ್ಲದ ಪೆನ್‌ಡ್ರೈವ್ ಈ ಚೆಕ್‌ನಲ್ಲೇ ಬಣ್ಣ ಬಯಲು ಮಾಡಿಕೊಂಡಿತು. ವಿಂಡೋಸ್ 11 ಕೇಳುವ ಭದ್ರತಾ ಚಿಪ್ ಟಿಪಿಎಂ 2.0 ಇಲ್ಲದ ಹಳೇ ಲ್ಯಾಪ್‌ಟಾಪಿಗೂ ವಿಂಡೋಸ್ 11 ಹತ್ತಿಸುವ ಟಿಕ್ ರೂಫಸ್‌ನಲ್ಲಿದೆ. ಬೇರೆಯವರ ಲ್ಯಾಪ್‌ಟಾಪಿಗೆ ಮಾತ್ರ ನಾನದನ್ನು ಹಾಕಿಕೊಡಲ್ಲ, ನಾಳೆ ಅಪ್‌ಡೇಟ್ ಬರಲಿಲ್ಲ ಅಂತ ನಮ್ಮ ಮನೆಗೇ ಬರ್ತಾರೆ.

ನನ್ನ ಕೈಗೆ ಒಗ್ಗಿರೋದು ವೆಂಟಾಯ್. ಒಮ್ಮೆ ಪೆನ್‌ಡ್ರೈವ್‌ಗೆ ಹಾಕಿಬಿಟ್ಟರೆ ಆಮೇಲೆ ಐಎಸ್‌ಒಗಳನ್ನು ಹಾಡಿನ ಫೈಲಿನ ಹಾಗೆ ಕಾಪಿ ಮಾಡಿದರಾಯಿತು. ಸೆಕ್ಯೂರ್ ಬೂಟ್ (ಗುರುತಿಲ್ಲದ ಸಾಫ್ಟ್‌ವೇರ್‌ನಿಂದ ಬೂಟ್ ಆಗದಂತೆ ತಡೆಯುವ ಸೆಟ್ಟಿಂಗ್) ಆನ್ ಇದ್ದರೆ ಮೊದಲ ಸಲ ನೀಲಿ ಪರದೆ ಬಂದು ಕೀ ಎನ್‌ರೋಲ್ ಮಾಡು ಅನ್ನುತ್ತದೆ. ಹೊಸಬರು ಅಲ್ಲೇ ಹೆದರಿ ಪವರ್ ಬಟನ್ ಒತ್ತುತ್ತಾರೆ.

ಆ ವೆಂಟಾಯ್ ಪೆನ್‌ಡ್ರೈವ್‌ನಲ್ಲಿ ನಾನು ವಿಂಡೋಸ್ ಪಕ್ಕದಲ್ಲೇ ಲಿನಕ್ಸ್ ಮಿಂಟ್ ಅನ್ನೋ ಉಚಿತ ಆಪರೇಟಿಂಗ್ ಸಿಸ್ಟಮ್ ಕೂಡ ಇಟ್ಟಿರುತ್ತೇನೆ. ಕಾಕಾನ ಮಗ ಹೊಸ ಇಂಟೆಲ್ ಲ್ಯಾಪ್‌ಟಾಪ್ ತಂದು, “ಅಣ್ಣಾ, ಡಿಸ್ಕೇ ತೋರಸ್ವಲ್ದು ನೋಡು” ಅಂದ. ಸೆಟಪ್‌ನಲ್ಲಿ ಡ್ರೈವ್‌ಗಳ ಪಟ್ಟಿ ಖಾಲಿ. ಅದೇ ಪೆನ್‌ಡ್ರೈವ್‌ನಿಂದ ಮಿಂಟನ್ನು ಇನ್‌ಸ್ಟಾಲ್ ಮಾಡದೆ ಲೈವ್ ಆಗಿ, ಅಂದರೆ ಪೆನ್‌ಡ್ರೈವ್‌ನಿಂದಲೇ ನೇರವಾಗಿ ಓಡಿಸಿದೆ. ಅದರ ‘ಡಿಸ್ಕ್ಸ್’ನಲ್ಲಿ ಎಸ್‌ಎಸ್‌ಡಿ ಆರಾಮಾಗಿ ಕಾಣುತ್ತಿತ್ತು. ಅಂದರೆ ಡಿಸ್ಕ್ ಕೆಟ್ಟಿಲ್ಲ, ವಿಂಡೋಸ್ ಸೆಟಪ್ ಹತ್ತಿರ ಡ್ರೈವರ್ ಇಲ್ಲ. ಇಂಟೆಲ್ 11ನೇ ತಲೆಮಾರಿನಿಂದೀಚೆಗೆ ವಿಎಂಡಿ (ಎಸ್‌ಎಸ್‌ಡಿಯನ್ನು ನೋಡಿಕೊಳ್ಳುವ ಇಂಟೆಲ್‌ನ ವ್ಯವಸ್ಥೆ) ಆನ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಇದು ಮಾಮೂಲು. ಇಂಟೆಲ್ ರ್‍ಯಾಪಿಡ್ ಸ್ಟೋರೇಜ್ ಡ್ರೈವರನ್ನು ಬಿಚ್ಚಿ ಪೆನ್‌ಡ್ರೈವ್‌ಗೆ ಹಾಕಿ, ಸೆಟಪ್‌ನಲ್ಲಿ ‘ಲೋಡ್ ಡ್ರೈವರ್’ ಒತ್ತಿದ ಮೇಲೆ ಡಿಸ್ಕ್ ಬಂತು.

ಬಯೋಸ್‌ಗೆ (ಲ್ಯಾಪ್‌ಟಾಪ್ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್ಸ್) ಹೋಗಿ ವಿಎಂಡಿ ಆಫ್ ಮಾಡಿದರೂ ನಡೆಯುತ್ತದೆ. ಆದರೆ ಒಳಗಿರುವ ಹಳೇ ವಿಂಡೋಸ್ ಉಳಿಯಬೇಕು ಅಂದರೆ ಅದಕ್ಕೆ ಕೈ ಹಾಕಬೇಡಿ, ಅದೂ ಬೂಟ್ ಆಗದೆ ಕೂರಬಹುದು.