ಮಗುವಿನ ಡೆವಲಪ್‌ಮೆಂಟಲ್ ಅಸೆಸ್‌ಮೆಂಟ್: ಯಾವುದು ಮಾಡಿಸಲು ಯೋಗ್ಯ, ಯಾವುದು ದಂಡ

ಮಗುವಿನ ಓದು, ಮಾತು, ಗಮನದಲ್ಲಿ ತೊಂದರೆ ಕಂಡಾಗ ಕಾರಣ ತಿಳಿಯಲು ತಜ್ಞರು ಮಾಡುವ ಪರೀಕ್ಷೆಗಳೇ ಡೆವಲಪ್‌ಮೆಂಟಲ್ ಅಸೆಸ್‌ಮೆಂಟ್. ಅದರ ರಿಪೋರ್ಟ್ ಕೈಗೆ ಬಂದ ಕೂಡಲೇ ಎಲ್ಲರ ಕಣ್ಣು ಹೋಗುವುದು ಐಕ್ಯೂ ಅಂಕದ ಮೇಲೆ. ಸೇವೆ ಚೆನ್ನಾಗಿದೆಯೋ ಇಲ್ಲವೋ ತಿಳಿಯಬೇಕಾದರೆ ಕೊನೆಯ ಪುಟಗಳಿಂದ ಓದಲು ಶುರು ಮಾಡಿ. ‘ಮಗುವಿಗೆ ಹೆಚ್ಚಿನ ಗಮನ ಬೇಕು, ಮನೆಯಲ್ಲಿ ಓದಿಸಿ’ ಎಂದಷ್ಟೇ ಬರೆದಿದ್ದರೆ ಆ ರಿಪೋರ್ಟ್‌ನಿಂದ ತರಗತಿಯಲ್ಲಿ ಏನೂ ಬದಲಾಗದು. ‘ಅಕ್ಷರ ಮತ್ತು ಧ್ವನಿ ಜೋಡಿಸುವ ಅಭ್ಯಾಸ, ಮಗುವೊಂದನ್ನೇ ಕೂರಿಸಿಕೊಂಡು, ದಿನಕ್ಕೆ 20 ನಿಮಿಷ, ವಾರಕ್ಕೆ 4 ದಿನ, ಬೋರ್ಡ್ ನೋಡಿ ಬರೆಸುವ ಬದಲು ಮುದ್ರಿತ ಹಾಳೆ, 3 ತಿಂಗಳಾದ ಮೇಲೆ ಓದು ಎಷ್ಟು ಸುಧಾರಿಸಿದೆ ಎಂದು ಮತ್ತೆ ಅಳೆಯುವುದು’ ಎಂದಿದ್ದರೆ ಕೊಟ್ಟ ದುಡ್ಡು ಸಾರ್ಥಕ.

ಸ್ಕ್ರೀನಿಂಗ್ ಬೇರೆ, ಅಸೆಸ್‌ಮೆಂಟ್ ಬೇರೆ. ಕಾಲು ಗಂಟೆಯಲ್ಲಿ ಮುಗಿಯುವ ಪ್ರಶ್ನಾವಳಿ ‘ಇಲ್ಲಿ ಇನ್ನಷ್ಟು ನೋಡಬೇಕು’ ಎಂದು ಹೇಳಬಲ್ಲದು, ಅಷ್ಟೇ. ಅದರ ಮೇಲೆಯೇ ಎಡಿಎಚ್‌ಡಿ (ಗಮನದ ಕೊರತೆ, ಅತಿ ಚಟುವಟಿಕೆ) ಅಥವಾ ಆಟಿಸಂ (ಬೆರೆಯುವುದು, ಸಂವಹನದಲ್ಲಿ ತೊಂದರೆ) ಎಂದು ಹೆಸರಿಟ್ಟು ಕಳಿಸುವ ಕಡೆ ಮತ್ತೆ ಹೋಗಬೇಡಿ.

ಟೆಸ್ಟ್‌ಗೆ ದಿನ ಗೊತ್ತು ಮಾಡುವ ಮೊದಲು ಕಿವಿ ಮತ್ತು ಕಣ್ಣು. ಈ ಹೆಜ್ಜೆಯನ್ನು ಬಿಟ್ಟು ಮುಂದೆ ಹೋಗುವವರೇ ಹೆಚ್ಚು. ಕಿವಿಯೊಳಗೆ ನೀರು ನಿಂತ ಮಗುವಿಗೆ ಸಾಮಾನ್ಯವಾಗಿ ನೋವಿರುವುದಿಲ್ಲ, ಜ್ವರವಿರುವುದಿಲ್ಲ. ಗದ್ದಲದ ತರಗತಿಯಲ್ಲಿ ಮಾತು ಮಸುಕಾಗಿ ಕೇಳುತ್ತದೆ, ನೋಡುವವರಿಗೆ ಅದು ಗಮನವಿಲ್ಲದಂತೆ ಕಾಣುತ್ತದೆ. ಹಿಂದೆ ನಿಂತು ಚಪ್ಪಾಳೆ ತಟ್ಟಿ ನೋಡುವುದು ಪರೀಕ್ಷೆಯಲ್ಲ. ಆಡಿಯಾಲಜಿಸ್ಟ್ (ಶ್ರವಣ ತಜ್ಞ) ಹತ್ತಿರ ಎರಡೂ ಕಿವಿಗೆ ಬೇರೆಬೇರೆಯಾಗಿ, ಎಷ್ಟು ಮೆಲ್ಲಗಿನ ಸ್ವರ ಕೇಳುತ್ತದೆ ಎಂದು ನೋಡುವ ಪ್ಯೂರ್ ಟೋನ್ ಪರೀಕ್ಷೆ ಆಗಬೇಕು, ಜೊತೆಗೆ ಕಿವಿತಮಟೆಯ ಚಲನೆ ನೋಡುವ ಟಿಂಪನೋಮೆಟ್ರಿ. ದೂರದ ಚಾರ್ಟ್ ಓದಿದ ಮಾತ್ರಕ್ಕೆ ಕಣ್ಣು ಸರಿ ಎಂದಾಗದು. ಹತ್ತಿರದ್ದನ್ನು ಓದುವಾಗ ಕಷ್ಟ ಕೊಡುವ ದೂರದೃಷ್ಟಿ ಅಲ್ಲಿ ತಪ್ಪಿಹೋಗುತ್ತದೆ. ರಾತ್ರಿ ಗೊರಕೆ, ಬಾಯಿಂದ ಉಸಿರಾಟ ಇದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಇನ್ನೊಂದು: ಮಾತಿನ ಮಧ್ಯೆ ಕೆಲವು ಸೆಕೆಂಡು ಮಗುವಿನ ದೃಷ್ಟಿ ನೆಟ್ಟು ನಿಂತು, ಕರೆದರೂ ಮುಟ್ಟಿದರೂ ಗೊತ್ತಾಗದೆ, ಏನೂ ಆಗದ ಹಾಗೆ ಆಟ ಮುಂದುವರಿದರೆ ಅದು ಅಬ್ಸೆನ್ಸ್ ಫಿಟ್ಸ್ ಇರಬಹುದು. ಮೊಬೈಲ್‌ನಲ್ಲಿ ವಿಡಿಯೊ ಮಾಡಿಟ್ಟುಕೊಂಡು ನರರೋಗ ತಜ್ಞರಿಗೆ ತೋರಿಸಿ, ಸೈಕಾಲಜಿಸ್ಟ್ ಆಮೇಲೆ.

ಒಳ್ಳೆಯ ಅಸೆಸ್‌ಮೆಂಟ್‌ಗೆ ಒಂದೇ ಭೇಟಿ ಸಾಲದು. ಗರ್ಭ, ಹೆರಿಗೆ, ಮೊದಲ ಮಾತು, ನಡಿಗೆ, ಕುಟುಂಬದಲ್ಲಿ ಯಾರಿಗಾದರೂ ಓದಿನ ತೊಂದರೆ ಇತ್ತೇ ಎಂದು ಕೇಳುವುದಕ್ಕೇ ಸುಮಾರು ಒಂದು ಗಂಟೆ ಬೇಕು. ಆಮೇಲೆ ಟೆಸ್ಟ್. ಐಕ್ಯೂ ಅಳೆಯಲು 6 ವರ್ಷ ದಾಟಿದವರಿಗೆ ಸಾಮಾನ್ಯವಾಗಿ ವಿಸ್ಕ್-5 (WISC-V), ಚಿಕ್ಕವರಿಗೆ ವಿಪ್ಸಿ-4 (WPPSI-IV). ದಿನನಿತ್ಯದ ಕೌಶಲಕ್ಕೆ ವೈನ್‌ಲ್ಯಾಂಡ್-3 (Vineland-3). ಆಟಿಸಂ ಅನುಮಾನವಿದ್ದರೆ ಎಡಾಸ್-2 (ADOS-2), ಅದರಲ್ಲಿ ತಜ್ಞರೇ ಮಗುವಿನ ಜೊತೆ ಮುಕ್ಕಾಲು ಗಂಟೆಯಷ್ಟು ಆಡುತ್ತ, ಮಾತಾಡುತ್ತ ಗಮನಿಸುತ್ತಾರೆ. ಓದು-ಬರಹದ ತೊಂದರೆಗೆ ಐಕ್ಯೂ ಟೆಸ್ಟ್ ಮಾತ್ರ ಸಾಲದೇ ಸಾಲದು. ಓದುವ ವೇಗ, ಕಾಗುಣಿತ, ಪದದೊಳಗಿನ ಧ್ವನಿ ಬಿಡಿಸುವುದು, ಅರ್ಥವಿಲ್ಲದ ಪದಗಳನ್ನು ಓದಿಸುವುದು, ಇವೆಲ್ಲ ಬೇಕು. ಅರ್ಥವಿಲ್ಲದ ಪದ ಏಕೆಂದರೆ, ಕಂಡ ಪದವನ್ನು ನೆನಪಿನಿಂದ ಹೇಳಿ ದಾಟಿಕೊಳ್ಳುವ ಮಗು ಅಲ್ಲಿ ಸಿಕ್ಕಿಬೀಳುತ್ತದೆ.

ತಜ್ಞರ ಕೈ ಗೊತ್ತಾಗುವುದು ಅಂಕದಲ್ಲಲ್ಲ, ಗಮನಿಸಿ ಬರೆದ ಸಾಲುಗಳಲ್ಲಿ. ಕೆಂಪು-ಬಿಳಿ ಘನಗಳನ್ನು ಜೋಡಿಸಿ ಚಿತ್ರದಂತೆ ಮಾಡುವುದು ಐಕ್ಯೂ ಟೆಸ್ಟ್‌ನೊಳಗಿನ ಒಂದು ಸಣ್ಣ ಪರೀಕ್ಷೆ, ಅಂದರೆ ಉಪಪರೀಕ್ಷೆ; ಅದನ್ನೇ ತೆಗೆದುಕೊಳ್ಳಿ. ಒಂದು ಮಗು ಮಾದರಿ ಅರ್ಥವಾಗದೆ ಘನಗಳನ್ನು ಸುಮ್ಮನೆ ತಿರುಗಿಸುತ್ತಿರುತ್ತದೆ. ಇನ್ನೊಂದು ಮಗು ಸರಿಯಾಗಿಯೇ ಜೋಡಿಸುತ್ತದೆ, ಅಂಚು ಕೂರಿಸಲು ಬೆರಳು ಒದ್ದಾಡಿ ಸಮಯ ಮೀರುತ್ತದೆ. ಮೂರನೆಯದು ಮುಗಿಸಿ, ಕೆಡವಿ, ಮತ್ತೆ ಶುರು ಮಾಡುತ್ತದೆ, ತಪ್ಪಾದೀತೆಂಬ ಭಯ. ಮೂವರಿಗೂ ಬರುವ ಅಂಕ 6 ಇರಬಹುದು. ಬೇಕಾದ ಸಹಾಯ ಮಾತ್ರ ಮೂರು ಬೇರೆ ಬೇರೆ. ಈ ವ್ಯತ್ಯಾಸ ಬರೆಯದ ರಿಪೋರ್ಟ್ ಅಂಕಪಟ್ಟಿ ಅಷ್ಟೇ.

ಅಂಕ ಓದುವ ಬಗೆ ಹೀಗೆ. ಐಕ್ಯೂ ಸರಾಸರಿ 100, 85ರಿಂದ 115ರೊಳಗೆ ನೂರರಲ್ಲಿ ಸುಮಾರು 68 ಮಕ್ಕಳು. ಉಪಪರೀಕ್ಷೆಯಲ್ಲಿ ಸರಾಸರಿ 10. ಪರ್ಸೆಂಟೈಲ್ 16 ಎಂದರೆ ನೂರಕ್ಕೆ 16 ಅಂಕ ಅಲ್ಲ. ಅದೇ ವಯಸ್ಸಿನ ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಕೆಳಗಿನಿಂದ ಹದಿನಾರನೆಯ ಜಾಗ. ಎಷ್ಟೋ ಮನೆಗಳಲ್ಲಿ ಈ ಒಂದು ಗೊಂದಲಕ್ಕೆ ಮಗು ಬೈಸಿಕೊಂಡಿರುತ್ತದೆ, ಆದ್ದರಿಂದ ಒತ್ತಿ ಹೇಳಬೇಕು. ಮಾತಿನ ತಿಳಿವಳಿಕೆ 112, ಕೆಲಸದ ವೇಗ 79 ಬಂದ ಮಗುವಿಗೆ ‘ಒಟ್ಟು ಐಕ್ಯೂ ಸರಾಸರಿ, ಚಿಂತೆ ಬೇಡ’ ಎಂದು ಕಳಿಸಿದರೆ ಒಪ್ಪಬೇಡಿ. ಆ 33 ಅಂಕಗಳ ಅಂತರವೇ ಶಾಲೆಯಲ್ಲಿ ಅದು ಪಡುತ್ತಿರುವ ಪಾಡು.

ಶಿಕ್ಷಕರ ಮಾತಿಲ್ಲದೆ ಗಮನದ ತೊಂದರೆಯನ್ನು ತೀರ್ಮಾನಿಸಲಾಗದು. ಎಡಿಎಚ್‌ಡಿ ಎನ್ನಲು ಲಕ್ಷಣಗಳು ಕನಿಷ್ಠ ಎರಡು ಕಡೆ ಕಾಣಬೇಕು, 6 ತಿಂಗಳಾದರೂ ಇರಬೇಕು. ಇದಕ್ಕೆ ಬಳಸುವ ವ್ಯಾಂಡರ್‌ಬಿಲ್ಟ್ ಪ್ರಶ್ನಾವಳಿಯಲ್ಲಿ ಪೋಷಕರಿಗೆ 55 ಪ್ರಶ್ನೆ, ಶಿಕ್ಷಕರಿಗೆ 43. ಹೊಸದಾಗಿ ಬಂದ ಶಿಕ್ಷಕರಿಗಿಂತ ಮಗುವನ್ನು ಒಂದೆರಡು ತಿಂಗಳಾದರೂ ನೋಡಿದವರಿಂದ ತುಂಬಿಸಿ. ಹಾಳೆಯನ್ನು ಕೊನೆಯ ದಿನ ಮಗುವಿನ ಬ್ಯಾಗಿನಲ್ಲಿಟ್ಟು ಕಳಿಸಿದರೆ ಎಲ್ಲ ಸಾಲಿಗೂ ನಡುವಿನ ಉತ್ತರಕ್ಕೆ ಗುರುತು ಬಿದ್ದು ವಾಪಸು ಬರುತ್ತದೆ.

ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು ಇದ್ದರೆ ಎರಡರಲ್ಲೂ ಮಗುವಿನ ಮಾತನ್ನು ನೋಡಬೇಕು. ಭಾಷಾ ತೊಂದರೆ ನಿಜವಾಗಿದ್ದರೆ ಎರಡರಲ್ಲೂ ಕಾಣುತ್ತದೆ. ಶಾಲೆಯ ಭಾಷೆಯಲ್ಲಿ ಮಾತ್ರ ಎಡವಿದರೆ ಮಗು ಆ ಭಾಷೆಯನ್ನು ಇನ್ನೂ ಕಲಿಯುತ್ತಿರಬಹುದು.

ಹೋಗುವಾಗ ಕೊನೆಯ ಎರಡು ವರ್ಷದ ಅಂಕಪಟ್ಟಿ, ತಿದ್ದದ ನೋಟ್‌ಬುಕ್ ಎರಡು, ಹಳೆಯ ರಿಪೋರ್ಟ್‌ಗಳು, ಕನ್ನಡಕ ಒಯ್ಯಿರಿ. ಬೆಳಗಿನ ಹೊತ್ತು ಕೇಳಿ. ಹಸಿದ, ನೆಗಡಿಯಾದ ಮಗುವನ್ನು ಕೂರಿಸಬೇಡಿ, ದಿನ ಮುಂದೂಡಿ. ಮನೆಯಲ್ಲಿ ಮೊದಲೇ ಅಭ್ಯಾಸ ಮಾಡಿಸಿದರೆ ಫಲಿತಾಂಶವೇ ಸುಳ್ಳಾಗುತ್ತದೆ. ಮಗುವಿಗೆ ಹೇಳುವುದಿಷ್ಟು ಸಾಕು: ‘ಕೆಲವು ಸುಲಭ, ಕೆಲವು ಕಷ್ಟ, ಎಲ್ಲವೂ ಯಾರಿಗೂ ಬರೋದಿಲ್ಲ.’

ಫೋನಿನಲ್ಲೇ ಮೂರು ಪ್ರಶ್ನೆ ಕೇಳಿಬಿಡಿ. ಟೆಸ್ಟ್ ಮಾಡುವವರೇ ರಿಪೋರ್ಟ್ ಬರೆಯುತ್ತಾರೆಯೇ? ಅದನ್ನು ವಿವರಿಸುವ ಭೇಟಿ ಶುಲ್ಕದಲ್ಲೇ ಸೇರಿದೆಯೇ? ಶಾಲೆಯವರ ಜೊತೆ ಒಮ್ಮೆ ಮಾತಾಡುತ್ತಾರೆಯೇ? ರಿಪೋರ್ಟ್ ಮೇಲ್ ಮಾಡಿ ಕೈತೊಳೆದುಕೊಳ್ಳುವವರು ಎಷ್ಟೇ ಹೆಸರುವಾಸಿಯಾದರೂ ಅವರನ್ನು ಆರಿಸಬೇಡಿ.

ತೃಪ್ತಿಯಾಗದಿದ್ದರೆ ಮುಂದಿನ ತಿಂಗಳೇ ಬೇರೆ ಕಡೆ ಅದೇ ಟೆಸ್ಟ್ ಮಾಡಿಸುವುದು ದಂಡ. ಘನಗಳೂ ಒಗಟುಗಳೂ ಮಗುವಿನ ನೆನಪಿನಲ್ಲಿದ್ದು ಅಂಕ ಏರಿಬಿಡುತ್ತದೆ. ಉಪಪರೀಕ್ಷೆಗಳ ಎಲ್ಲ ಅಂಕಗಳಿರುವ ಪಟ್ಟಿ ಕೇಳಿ ಪಡೆದು, ಅದನ್ನೇ ಎರಡನೆಯ ತಜ್ಞರ ಮುಂದಿಡಿ.